ಎಕ್ಸ್ ಅಂದ್ರೆ ಎಷ್ಟೋ ಅಷ್ಟು

ರಾಜ್ಯೋತ್ಸವದ ಊಟದ ಸಾಲಿನಲ್ಲಿ, ಬಿಸಿಬೇಳೆಬಾತ್ ಪಾತ್ರೆಗೆ ಇನ್ನು ನಾಲ್ಕೇ ಜನ ಇರುವಾಗ, ಯಾರೋ ಒಬ್ಬರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುತ್ತಾರೆ: "ಆಲ್ಜೀಬ್ರಾ ಹೇಳಿಕೊಡೋರು ಯಾರಾದ್ರೂ ಗೊತ್ತಾ? ನನಗಲ್ಲ, ನನ್ನ ಫ್ರೆಂಡ್‌ಗೆ." ನಮ್ಮ ಸಂಘದಲ್ಲಿ ಇದು ಹೆಚ್ಚುಕಮ್ಮಿ ವಾರ್ಷಿಕ ಕಾರ್ಯಕ್ರಮವೇ ಆಗಿಬಿಟ್ಟಿದೆ. ಆ ಫ್ರೆಂಡ್ ಯಾರು ಅಂತ ನಾವು ಕೇಳುವುದಿಲ್ಲ. ಕೇಳುವ ಅಗತ್ಯವೂ ಇರುವುದಿಲ್ಲ.

ಇದರಲ್ಲಿ ನಮಗೆ ವಿಚಿತ್ರ ಅನಿಸುವುದು ಒಂದೇ. ನಾವೆಲ್ಲ ಟ್ಯೂಷನ್ ನೀರು ಕುಡಿದು ಬೆಳೆದವರು. ಬೆಂಗಳೂರಿನಲ್ಲಿ ಪಿಯುಸಿ ಓದುವಾಗ ಬೆಳಗ್ಗೆ ಐದೂವರೆಗೆ ಸ್ವೆಟರ್ ಹಾಕ್ಕೊಂಡು ಮ್ಯಾಥ್ಸ್ ಟ್ಯೂಷನ್‌ಗೆ ಓಡಿದವರು. "ಯಾವ ಸರ್ ಹತ್ರ ಹೋಗ್ತೀಯಾ?" ಅನ್ನೋದು ಅಲ್ಲಿ ಜಂಬದ ಪ್ರಶ್ನೆ. ಇಂಥ ಸರ್ ಹತ್ತಿರ ಸೀಟು ಸಿಕ್ಕಿದೆ ಅಂತ ಅಮ್ಮಂದಿರು ಪಕ್ಕದ ಮನೆಗೆ ಹೋಗಿ ಹೇಳಿ ಬರುತ್ತಿದ್ದರು. ಅದೇ ನಾವು ಆನ್ ಆರ್ಬರ್‌ಗೆ ಬಂದ ಮೇಲೆ ಸಹಾಯ ಕೇಳುವುದು ಅವಮಾನ ಆಗಿಬಿಡುತ್ತದೆ. ಭಾರತದವರು ಅಂದ್ರೆ ಲೆಕ್ಕದಲ್ಲಿ ಹುಲಿ ಅಂತ ಇಲ್ಲಿನವರು ಅಂದುಕೊಂಡಿದ್ದಾರೆ. ಆ ಹುಲಿ ವೇಷ ಹಾಕ್ಕೊಂಡು ಎಷ್ಟು ದಿನ ಕುಣಿಯೋದು?

ನಮ್ಮಲ್ಲೊಬ್ಬರ ಕಥೆ ಹೇಳುತ್ತೇವೆ, ಅವರ ಒಪ್ಪಿಗೆ ಪಡೆದೇ. ದಾವಣಗೆರೆ ಕಡೆಯವರು, ಊರಿನಲ್ಲಿ ದಂತವೈದ್ಯರು. ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿಗೆ ಇಲ್ಲಿಗೆ ಬಂದರು. ಪಿಯುಸಿ ಆದ ಮೇಲೆ ಹತ್ತು ವರ್ಷ ಬೀಜಗಣಿತದ ಮುಖ ನೋಡಿರಲಿಲ್ಲ. ಬಯೋಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ 'ಆಡ್ಸ್' ಬಂತು. ಸಂಭವನೀಯತೆ ಪಿ ಆದರೆ, ಪಿಯನ್ನು ಒಂದು ಕಳೆ ಪಿಯಿಂದ ಭಾಗಿಸಿದರೆ ಬರುವುದು ಆಡ್ಸ್. ಆಡ್ಸ್ 4 ಅಂತ ಕೊಟ್ಟರೆ ಪಿ ಎಷ್ಟು? ಅವರು ಬರೆದರು: ಪಿ = 4 − 4ಪಿ. ಇಲ್ಲಿವರೆಗೆ ಸರಿ. ಮುಂದಿನ ಸಾಲು: −3ಪಿ = 4. ಪಿ ಬಂದದ್ದು ಮೈನಸ್ ಮೂರನೇ ನಾಲ್ಕು. ಸಂಭವನೀಯತೆ ಮೈನಸ್ ಆಗಲ್ಲ ಅಂತ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ತಪ್ಪು ಅಂತ ಗೊತ್ತು, ತಪ್ಪು ಎಲ್ಲಿ ಅಂತ ಗೊತ್ತಿಲ್ಲ. ಓದಿನಲ್ಲಿ ಇದಕ್ಕಿಂತ ಒಂಟಿಯಾದ ಜಾಗ ಇನ್ನೊಂದಿಲ್ಲ.

ಮೊದಲು ದುಡ್ಡು ಕೊಟ್ಟು ಒಬ್ಬ ಟ್ಯೂಟರ್ ಹಿಡಿದರು. ಬುದ್ಧಿವಂತ ಹುಡುಗ. ಪ್ರಶ್ನೆ ನೋಡಿದ ತಕ್ಷಣ ಪಟಪಟ ಅಂತ ನಾಲ್ಕು ಸಾಲು ಬರೆದು 0.8 ಅಂತ ಕೆಳಗೆ ಗೆರೆ ಎಳೆದ. "ಅರ್ಥ ಆಯ್ತಾ?" ಅಂದ. ಇವರು "ಆಯ್ತು" ಅಂದರು. ನಾವೆಲ್ಲ ಅನ್ನುವ ಹಾಗೆ. ಮನೆಗೆ ಬಂದು ಇನ್ನೊಂದು ಲೆಕ್ಕ ಮಾಡಿದರೆ ಮತ್ತೆ ಮೈನಸ್. ಹೀಗೇ ಮೂರು ವಾರ.

ಕೊನೆಗೆ ಒಂದು ಸಂಜೆ ನಮ್ಮ ಸಂಘದ ಒಬ್ಬಳು ಮೆಕ್ಯಾನಿಕಲ್ ವಿದ್ಯಾರ್ಥಿನಿ ಅವರ ನೋಟ್‌ಬುಕ್ ಎಳೆದುಕೊಂಡಳು. ಪೆನ್ನು ಮುಟ್ಟಲಿಲ್ಲ. "ಅಕ್ಕಾ, ಈ ಸಾಲಿಂದ ಈ ಸಾಲಿಗೆ ಬರೋವಾಗ ನಿಮ್ಮ ತಲೇಲಿ ಏನಾಯ್ತು, ಹೇಳಿ" ಅಂದಳು. ಇವರು ಹೇಳಿದರು: "ಮೈನಸ್ ನಾಲ್ಕು ಪಿಯನ್ನ ಈ ಕಡೆ ತಂದೆ." "ತಂದಾಗ ಅದು ಮೈನಸ್ಸಾಗೇ ಬಂತಾ?" ಒಂದು ನಿಮಿಷ ಮೌನ. ಆಮೇಲೆ ಇಬ್ಬರೂ ನಕ್ಕರು. ಒಟ್ಟು ಹದಿನೈದು ನಿಮಿಷದ ಕೆಲಸ.

ನಮ್ಮ ಅಭಿಪ್ರಾಯ ಇಲ್ಲೇ ಇದೆ. ಟ್ಯೂಟರ್ ಹುಡುಕುವಾಗ ನಾವು ನೋಡುವುದು ಅವನ ಜಿಪಿಎ, ಅವನ ವಿಭಾಗ, ಅವನ ವೇಗ. ನೋಡಬೇಕಾದ್ದು ಅವನು ನಮ್ಮ ತಪ್ಪು ಸಾಲನ್ನು ಓದುತ್ತಾನಾ ಅನ್ನುವುದು. ಸರಿ ಉತ್ತರ ಪುಸ್ತಕದ ಹಿಂದೆಯೇ ಇರುತ್ತದೆ, ಅದಕ್ಕೆ ಮನುಷ್ಯ ಬೇಕಾಗಿಲ್ಲ. ತಪ್ಪಿಗೆ ಬೇಕು.

ಆ ಮೈನಸ್ ವಿಷಯ ಇನ್ನೂ ಸ್ವಲ್ಪ ಹೇಳದಿದ್ದರೆ ನಮಗೆ ಸಮಾಧಾನ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 'ಪಕ್ಷಾಂತರ' ನೆನಪಿರಬೇಕು. ಸಮೀಕರಣದ ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋದರೆ ಚಿಹ್ನೆ ಬದಲಾಗುತ್ತದೆ. (ನಮ್ಮ ರಾಜ್ಯದಲ್ಲಿ ಈ ಪದವನ್ನು ಗಣಿತದ ಮೇಷ್ಟ್ರಿಗಿಂತ ಚೆನ್ನಾಗಿ ಕಲಿಸಿದವರು ಶಾಸಕರು.) ಆದರೆ ಯಾಕೆ ಬದಲಾಗುತ್ತದೆ ಅಂತ ಎಷ್ಟು ಮೇಷ್ಟ್ರು ಹೇಳಿದ್ದರು? ಅಲ್ಲಿ ಯಾವುದೂ ನಡೆದುಕೊಂಡು ಹೋಗುವುದಿಲ್ಲ. ಎರಡೂ ಕಡೆಗೆ ನಾಲ್ಕು ಪಿ ಸೇರಿಸುತ್ತೇವೆ, ಅಷ್ಟೆ. ಬಲಗಡೆಯ ಕೊರತೆ ತುಂಬಿಹೋಗುತ್ತದೆ, ಎಡಗಡೆ ಐದು ಪಿ ಆಗುತ್ತದೆ. 'ಆಲ್ಜೀಬ್ರಾ' ಎಂಬ ಪದದ ಅರ್ಥವೇ ಇದು. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಬರೆದ ಪುಸ್ತಕದ ಹೆಸರಿನಲ್ಲಿರುವ 'ಅಲ್-ಜಬ್ರ್' ಅಂದರೆ ಮುರಿದದ್ದನ್ನು ಸರಿಪಡಿಸುವುದು, ಕೊರತೆ ತುಂಬುವುದು. ಸ್ಪೇನಿನಲ್ಲಿ ಒಂದು ಕಾಲಕ್ಕೆ ಮೂಳೆ ಕಟ್ಟುವವನನ್ನೂ 'ಆಲ್ಜೆಬ್ರಿಸ್ತಾ' ಅನ್ನುತ್ತಿದ್ದರು. ಬೆಂಗಳೂರಿನ ರಸ್ತೆ ಬದಿಯ 'ಪುತ್ತೂರು ಕಟ್ಟು' ಬೋರ್ಡು ನೆನಪಾಗುತ್ತದೆ ಅಲ್ವಾ?

ಇನ್ನೊಂದು ವಿಷಯ ತಿಳಿದಾಗ ನಮಗೇ ಮೈ ಜುಮ್ ಅಂದಿತ್ತು. ಅಲ್-ಖ್ವಾರಿಜ್ಮಿಯ ಆ ಬೀಜಗಣಿತವನ್ನು 12ನೇ ಶತಮಾನದಲ್ಲಿ ಚೆಸ್ಟರಿನ ರಾಬರ್ಟ್ ಎಂಬವನು ಲ್ಯಾಟಿನ್ನಿಗೆ ತಂದ. ಆ ಲ್ಯಾಟಿನ್ ಪಠ್ಯವನ್ನು ಇಂಗ್ಲಿಷ್ ಅನುವಾದದ ಜೊತೆ 1915ರಲ್ಲಿ ಪ್ರಕಟಿಸಿದವರು ಲೂಯಿ ಕಾರ್ಪಿನ್ಸ್ಕಿ. ಅವರು ಇದೇ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದವರು. ಅವರ ಜೊತೆ 1911ರಲ್ಲಿ ಹಿಂದೂ-ಅರಬಿ ಅಂಕಿಗಳ ಬಗ್ಗೆ ಪುಸ್ತಕ ಬರೆದ ಡೇವಿಡ್ ಯೂಜೀನ್ ಸ್ಮಿತ್, ಅದಕ್ಕೆ ಮೊದಲು 1890ರ ದಶಕದಲ್ಲಿ ನಮ್ಮ ಪಕ್ಕದ ಇಪ್ಸಿಲಾಂಟಿಯಲ್ಲಿ, ಈಗಿನ ಈಸ್ಟರ್ನ್ ಮಿಶಿಗನ್ ವಿಶ್ವವಿದ್ಯಾಲಯ ಆಗಿರುವ ನಾರ್ಮಲ್ ಸ್ಕೂಲಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಮುಂದೆ 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ವನ್ನು ಇಂಗ್ಲಿಷ್ ಅನುವಾದದೊಂದಿಗೆ ಹೊರತಂದಾಗ ಅದಕ್ಕೆ ಪೀಠಿಕೆ ಬರೆದವರು ಇದೇ ಸ್ಮಿತ್. ಮಹಾವೀರಾಚಾರ್ಯ ಅಂದರೆ ಅಮೋಘವರ್ಷ ನೃಪತುಂಗನ ಕಾಲದವನು. ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯ ಇವತ್ತಿನ ಮಳಖೇಡ, ರಾಷ್ಟ್ರಕೂಟರ ರಾಜಧಾನಿ. "ಇಷ್ಟು ಭಾಗ ಹೋಯ್ತು, ಇನ್ನಿಷ್ಟು ಉಳೀತು, ಮೊದಲು ಎಷ್ಟಿತ್ತು?" ಎಂಬ ಜಾತಿಯ ಲೆಕ್ಕಗಳು ಅವನ ಪುಸ್ತಕದ ತುಂಬ ಇವೆ. ಅಂದರೆ ಮಳಖೇಡದ ಲೆಕ್ಕಕ್ಕೂ ವಾಷ್ಟೆನಾ ಕೌಂಟಿಗೂ ನಾವು ಹುಟ್ಟುವ ಮೊದಲೇ ಪರಿಚಯ ಆಗಿತ್ತು.

ಹಾಗಂತ ಎದೆ ತಟ್ಟಿಕೊಳ್ಳೋದು ಬೇಡ. ಮಹಾವೀರಾಚಾರ್ಯ ನಮ್ಮವನು ಅಂದ ಮಾತ್ರಕ್ಕೆ ನಮ್ಮ ಮೈನಸ್ ಸರಿಹೋಗುವುದಿಲ್ಲ.

ಸರಿ, ಎಲ್ಲಿ ಹುಡುಕೋದು? ಪದವಿ ವಿದ್ಯಾರ್ಥಿಗಳಿಗೆ ಮೊದಲ ಉತ್ತರ ಈಸ್ಟ್ ಹಾಲ್‌ನ ಮ್ಯಾಥ್ ಲ್ಯಾಬ್. ದುಡ್ಡಿಲ್ಲ, ಅಪಾಯಿಂಟ್‌ಮೆಂಟ್ ಇಲ್ಲ, ಹೋಗಿ ಕೂತರೆ ಸಾಕು. ಪ್ರೀಕ್ಯಾಲ್ಕುಲಸ್, ಕ್ಯಾಲ್ಕುಲಸ್‌ನಂಥ ಆರಂಭದ ಕೋರ್ಸುಗಳಿಗಾಗಿಯೇ ಇರುವ ಜಾಗ. ಮ್ಯಾಥ್ 115ರಲ್ಲಿ ಒದ್ದಾಡುವವರಲ್ಲಿ ಬಹುಪಾಲು ಜನ ಒದ್ದಾಡುವುದು ಕ್ಯಾಲ್ಕುಲಸ್‌ನಲ್ಲಿ ಅಲ್ಲ, ಅದರೊಳಗೆ ಅಡಗಿರುವ ಬೀಜಗಣಿತದಲ್ಲಿ ಅಂತ ನಮ್ಮಲ್ಲಿ ಅಲ್ಲಿ ಕೆಲಸ ಮಾಡಿದವರು ಹೇಳುತ್ತಾರೆ. ಆಮೇಲೆ ಜಿಎಸ್‌ಐಗಳ ಆಫೀಸ್ ಅವರ್ಸ್. ಎಷ್ಟೋ ಸಲ ಅವರು ಖಾಲಿ ರೂಮಿನಲ್ಲಿ ಒಬ್ಬರೇ ಫೋನ್ ನೋಡುತ್ತಾ ಕೂತಿರುತ್ತಾರೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಕಾರಿಡಾರ್‌ವರೆಗೆ ಸಾಲು. ಮಾಸ್ಟರ್ಸ್ ಮಾಡುವವರಿಗೆ ಮ್ಯಾಥ್ ಲ್ಯಾಬ್ ಅಷ್ಟು ಹೊಂದುವುದಿಲ್ಲ, ನಮ್ಮ ದಾವಣಗೆರೆ ಅಕ್ಕನ ಕಷ್ಟವೂ ಅದೇ ಆಗಿತ್ತು. ಒಬ್ಬರೇ ರಾತ್ರಿ ಓದಬೇಕು ಅನ್ನುವವರಿಗೆ ಖಾನ್ ಅಕಾಡೆಮಿ ಕನ್ನಡದಲ್ಲೂ ಇದೆ. ಸಮೀಕರಣ, ಅಪವರ್ತನ ಅಂತ ಹಳೆಯ ಪದಗಳಲ್ಲೇ ಒಮ್ಮೆ ಕೇಳಿ ನೋಡಿ. ಎಂಟನೇ ಕ್ಲಾಸಿನ ಬೆಂಚು ಕಣ್ಮುಂದೆ ಬರುತ್ತದೆ.

ದೊಡ್ಡ ಪಂಡಿತರೇ ಬೇಕು ಅನ್ನುವವರಿಗೆ ಪಕ್ಕದ ಚಿಕಾಗೋದ ಒಂದು ಉದಾಹರಣೆ. ಅಲ್ಲಿನ ಸರ್ಕಾರಿ ಹೈಸ್ಕೂಲುಗಳಲ್ಲಿ 2013ರಿಂದ ಒಂದು ಪ್ರಯೋಗ ನಡೆಯಿತು. ಲೆಕ್ಕದಲ್ಲಿ ಹಿಂದೆ ಬಿದ್ದ ಮಕ್ಕಳಿಗೆ, ಇಬ್ಬರಿಗೆ ಒಬ್ಬ ಟ್ಯೂಟರ್, ಶಾಲೆಯ ಸಮಯದಲ್ಲೇ, ದಿನಾ ಒಂದು ಪೀರಿಯಡ್. ಟ್ಯೂಟರ್‌ಗಳು ತರಬೇತಿ ಪಡೆದ ಶಿಕ್ಷಕರೇನಲ್ಲ, ಹಲವರು ಆಗತಾನೇ ಕಾಲೇಜು ಮುಗಿಸಿದವರು. ಆದರೂ ಮಕ್ಕಳ ಗಣಿತದ ಅಂಕಗಳು ಎದ್ದು ಕಾಣುವಷ್ಟು ಏರಿದವು. ನಮಗೆ ಇದರಲ್ಲಿ ಮುಖ್ಯ ಅನಿಸುವುದು 'ದಿನಾ' ಅನ್ನುವ ಮಾತು. ಮಿಡ್‌ಟರ್ಮ್‌ಗೆ ಎರಡು ದಿನ ಮುಂಚೆ ಆರು ಗಂಟೆ ಪಾಠ ಹೇಳಿಸಿಕೊಳ್ಳುವುದು ಹಬ್ಬದ ದಿನ ಮಾತ್ರ ಊಟ ಮಾಡಿದ ಹಾಗೆ.

ಈಗ ಸ್ವಲ್ಪ ಕಹಿ ವಿಷಯ. ಕ್ಯಾಂಟನ್, ನೋವೈ, ಟ್ರಾಯ್ ಕಡೆಯ ನಮ್ಮ ಕನ್ನಡ ಮನೆಗಳವರು ತುಂಬ ಒಳ್ಳೆಯವರು. ಹಬ್ಬಕ್ಕೆ ಕರೆಯುತ್ತಾರೆ, ಹೋಳಿಗೆ ಕಟ್ಟಿ ಕೊಡುತ್ತಾರೆ. ಜೊತೆಗೆ, "ನಮ್ಮ ಮಗನಿಗೆ ವಾರಕ್ಕೆರಡು ಸಲ ಆಲ್ಜೀಬ್ರಾ ಹೇಳಿಕೊಡಪ್ಪಾ, ಗಂಟೆಗೆ ಇಷ್ಟು ಅಂತ ಕೊಡ್ತೀವಿ" ಅನ್ನುತ್ತಾರೆ. ಬಾಡಿಗೆ ಕಟ್ಟಲು ಒದ್ದಾಡುವವನಿಗೆ ಆ ನಗದು ಎಷ್ಟು ಆಸೆ ಹುಟ್ಟಿಸುತ್ತದೆ ಅಂತ ನಮಗೆ ಗೊತ್ತು. ಆದರೆ ಎಫ್-1 ವೀಸಾದಲ್ಲಿರುವವರು ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ದುಡಿಯುವ ಹಾಗಿಲ್ಲ. ಮನೆಪಾಠವೂ ದುಡಿಮೆಯೇ, ನಗದು ಕೊಟ್ಟರೂ ದುಡಿಮೆಯೇ. ಕ್ಯಾಂಪಸ್ ಒಳಗಾದರೆ ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ ಮಾಡಬಹುದು. ಹೇಳಿಕೊಡುವುದು ನಿಮಗೆ ಇಷ್ಟವಾದರೆ ವಿಶ್ವವಿದ್ಯಾಲಯದೊಳಗಿನ ಟ್ಯೂಟರ್ ಕೆಲಸಗಳಿಗೇ ಅರ್ಜಿ ಹಾಕಿ. ಸಂದೇಹ ಇದ್ದರೆ ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ಕೇಳಿ, ಸೀನಿಯರ್‌ಗಳನ್ನಲ್ಲ. "ಎಲ್ರೂ ಮಾಡ್ತಾರೆ, ಏನಾಗಲ್ಲ" ಅನ್ನುವ ಸೀನಿಯರ್ ನಿಮ್ಮ ವೀಸಾ ಇಂಟರ್‌ವ್ಯೂಗೆ ಬರುವುದಿಲ್ಲ.

ಆ ಮನೆಗಳ ಹಿರಿಯರು ಈ ಪುಟ ಓದುತ್ತಿದ್ದರೆ ಅವರಿಗೂ ಒಂದು ಮಾತು, ಸಲುಗೆಯಿಂದಲೇ. ಮಿಶಿಗನ್‌ನಲ್ಲಿ ಹೈಸ್ಕೂಲ್ ಮುಗಿಸಲು ಆಲ್ಜೀಬ್ರಾ ಒಂದು ಹೇಗೂ ಬೇಕು, ಎರಡೂ ಸಾಮಾನ್ಯವಾಗಿ ಬೇಕು. ಆದರೆ ಅದನ್ನು ಆರನೇ ಕ್ಲಾಸಿನಲ್ಲೇ ಮುಗಿಸಬೇಕು ಅಂತ ಯಾವ ಕಾನೂನೂ ಹೇಳಿಲ್ಲ. ಭಿನ್ನರಾಶಿ ಗಟ್ಟಿಯಾಗದ ಮಗುವಿಗೆ ಎಕ್ಸ್ ಕೊಟ್ಟರೆ ಅದು ನಿಯಮಗಳನ್ನು ಉರು ಹೊಡೆಯುತ್ತದೆ. ಉರು ಹೊಡೆದ ಮಗು ಹತ್ತು ವರ್ಷದ ಮೇಲೆ ಏನು ಬರೆಯುತ್ತದೆ ಅಂತ ಮೇಲೆ ಹೇಳಿದ್ದೇವೆ: ಮೈನಸ್ ಮೂರು ಪಿ.

ಕನ್ನಡದವರೇ ಟ್ಯೂಟರ್ ಆಗಬೇಕಾ? ಈ ಬಗ್ಗೆ ನಮ್ಮಲ್ಲೇ ಜಗಳ ಇದೆ. ಕೆಲವರಿಗೆ ಕನ್ನಡದವರು ಬೇಡವೇ ಬೇಡ, ಭಾನುವಾರ ಹೇಳಿದ್ದು ಸೋಮವಾರ ಕೂಟದ ತುಂಬ ಹಬ್ಬುತ್ತದೆ ಅಂತ ಭಯ. ಆ ಭಯ ಸುಳ್ಳಲ್ಲ, ಅದಕ್ಕೆ ನಾವೇ ಕಾರಣ. ಆದರೆ ತಲೆ ಕೆಟ್ಟಾಗ ಬಾಯಿಗೆ ಬರುವ ಭಾಷೆಯಲ್ಲಿ ತಪ್ಪನ್ನು ವಿವರಿಸಲು ಆಗುವುದು ಒಂದು ದೊಡ್ಡ ಅನುಕೂಲ. ದಾವಣಗೆರೆ ಅಕ್ಕ ಆ ಮೊದಲ ಟ್ಯೂಟರ್‌ಗೆ ಇಂಗ್ಲಿಷಿನಲ್ಲಿ ಯಾವತ್ತೂ "ನನಗೆ ಗೊತ್ತಾಗ್ಲಿಲ್ಲ ಕಣೋ" ಅಂದಿರಲಿಲ್ಲ. ನಮ್ಮ ಹಳೆಯ ಗಣಿತಜ್ಞರು ಗೊತ್ತಿಲ್ಲದ ಸಂಖ್ಯೆಯನ್ನು 'ಯಾವತ್ತಾವತ್' ಅನ್ನುತ್ತಿದ್ದರು, ಎಷ್ಟೋ ಅಷ್ಟು ಅಂತ. ಎರಡನೆಯದು ಬೇಕಾದರೆ ಕಾಲಕ, ಮೂರನೆಯದಕ್ಕೆ ನೀಲಕ, ಹೀಗೆ ಬಣ್ಣಗಳ ಹೆಸರು. 'ಲೆಟ್ ಎಕ್ಸ್ ಬಿ' ಅಂದಾಗ ಹೆದರಿದ್ದ ಒಬ್ಬ ಹುಡುಗ "ಎಷ್ಟೋ ಅಷ್ಟು ಅಂತ ಇಟ್ಕೋ, ಆಮೇಲೆ ನೋಡೋಣ" ಅಂದಾಗ ಪೆನ್ನು ಎತ್ತಿಕೊಂಡದ್ದನ್ನು ನಾವು ಕಂಡಿದ್ದೇವೆ.

ಅದಕ್ಕೇ ಈ ಸೆಮಿಸ್ಟರ್‌ನಿಂದ ನಮ್ಮಲ್ಲಿ ಐದಾರು ಜನ ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ಶಪಿರೋ ಲೈಬ್ರರಿಯಲ್ಲಿ ಕೂರುತ್ತೇವೆ. ಎಲ್ಲರೂ 'ಅಗ್ಲಿ' ಅಂತ ಕರೆಯುವ ಅದೇ ಲೈಬ್ರರಿ. ನಾವೂ ವಿದ್ಯಾರ್ಥಿಗಳು, ಒಬ್ಬರಿಗೊಬ್ಬರು ಹೇಳಿಕೊಳ್ಳೋದು, ದುಡ್ಡಿನ ಮಾತಿಲ್ಲ. ಇಬ್ಬರಿಗೆ ಒಬ್ಬರು, ಚಿಕಾಗೋ ಲೆಕ್ಕದಂತೆ. ಮೇಜಿನ ಮಾತು ಮೇಜಿನಲ್ಲೇ ಉಳಿಯುತ್ತದೆ, ಇದನ್ನು ಮುರಿದವರು ಮುಂದಿನ ರಾಜ್ಯೋತ್ಸವದಲ್ಲಿ ಪಾತ್ರೆ ತೊಳೆಯಬೇಕು. ಬರುವಾಗ ತಪ್ಪಾದ ಪುಟವನ್ನು ಹರಿಯದೆ, ಅಳಿಸದೆ ಹಾಗೇ ತನ್ನಿ. ಫ್ರೆಂಡ್‌ಗೋಸ್ಕರ ಬಂದಿದ್ದೀನಿ ಅಂದರೂ ನಡೆಯುತ್ತದೆ.