ದೂರದರ್ಶನವೂ ಇಗ್ಲೂಲಿಕ್ ಗ್ರಾಮವೂ

ಹೊಸ ಯಂತ್ರವೊಂದು ಬಂದಾಗ ಅದನ್ನು ಬೇಡವೆನ್ನುವವರನ್ನು ಹಿಂದುಳಿದವರೆಂದು ಕರೆದು ಸುಮ್ಮನಾಗುವುದು ನಮ್ಮ ವಾಡಿಕೆ. ಆದಿವಾಸಿಗಳ ವಿಷಯದಲ್ಲಂತೂ ಈ ತೀರ್ಪು ಇನ್ನೂ ಬೇಗ ಹೊರಬೀಳುತ್ತದೆ. ನಮ್ಮ ಚರ್ಚಾಕೂಟಗಳಲ್ಲಿ ಯಂತ್ರದಿಂದಲೇ ಅವರ ಉದ್ಧಾರವೆಂದು ಒಬ್ಬರು ವಾದಿಸಿದರೆ, ಯಂತ್ರದಿಂದಲೇ ಅವರ ನಾಶವೆಂದು ಮತ್ತೊಬ್ಬರು ವಾದಿಸುತ್ತಾರೆ. ಆ ಜನರ ಅಭಿಪ್ರಾಯವೇನೆಂದು ಕೇಳುವವರು ವಿರಳ. ಹಾಗೆ ಕೇಳಿದ ಪ್ರಸಂಗವೊಂದು ಕೆನಡಾದ ಉತ್ತರದಲ್ಲಿರುವ ಇಗ್ಲೂಲಿಕ್ ಎಂಬ ದ್ವೀಪಗ್ರಾಮದಲ್ಲಿ ನಡೆದಿದೆ. ಅದು ಈ ಎರಡು ಪಕ್ಷಗಳಲ್ಲಿ ಯಾವುದಕ್ಕೂ ಒಗ್ಗುವಂಥದಲ್ಲ.

ಅಲ್ಲಿಯ ನಿವಾಸಿಗಳು ಇನ್ಯೂಟ್ ಜನ. ನಮ್ಮ ಹಳೆಯ ಭೂಗೋಳ ಪುಸ್ತಕಗಳು ಇವರನ್ನು ಎಸ್ಕಿಮೋಗಳೆಂದು ಕರೆಯುತ್ತಿದ್ದವು. ಆ ಹೆಸರು ಅವರಲ್ಲಿ ಬಹುಮಂದಿಗೆ ಸಮ್ಮತವಲ್ಲ. ಸೀಲ್, ವಾಲ್‌ರಸ್ ಮತ್ತು ಕ್ಯಾರಿಬೂ ಜಿಂಕೆಗಳ ಬೇಟೆ ಅವರ ಕುಲವೃತ್ತಿ. ಚಳಿಗಾಲದಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯನೇ ಮೂಡುವುದಿಲ್ಲ. ಬರವಣಿಗೆಗಿಂತ ಬಾಯಿಮಾತನ್ನೇ ನಂಬಿ ಬಂದ ಸಮಾಜದಲ್ಲಿ ಹಿರಿಯರು ಹೇಳುವ ಕಥೆಯೇ ಚರಿತ್ರೆ, ಅದೇ ನೀತಿ, ಅದೇ ಬೇಟೆಯ ಪಾಠ. ೧೯೫೦ ಮತ್ತು ೬೦ರ ದಶಕಗಳಲ್ಲಿ ಈ ಅಲೆಮಾರಿ ಕುಟುಂಬಗಳು ಸರ್ಕಾರ ಕಟ್ಟಿದ ಊರುಗಳಲ್ಲಿ ನೆಲೆಸಬೇಕಾಯಿತು. ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ಅಷ್ಟರಲ್ಲಿ, ೧೯೭೨ರಲ್ಲಿ, ಕೆನಡಾ ತನ್ನ 'ಅನಿಕ್' ಉಪಗ್ರಹವನ್ನು ಹಾರಿಸಿ ದೂರದರ್ಶನವನ್ನು ಹಿಮಪ್ರದೇಶಕ್ಕೂ ಮುಟ್ಟಿಸಿತು.

ಇಗ್ಲೂಲಿಕ್ ಜನ ೧೯೭೫ರಲ್ಲಿ ಮತ ಹಾಕಿ ಅದನ್ನು ಬೇಡವೆಂದರು. ೧೯೭೯ರಲ್ಲಿ ಮತ್ತೊಮ್ಮೆ ಬೇಡವೆಂದರು. ಯಂತ್ರದ ಭಯವೇ? ಅಲ್ಲ. ಆ ಪೆಟ್ಟಿಗೆಯಲ್ಲಿ ಅವರ ಇನುಕ್ಟಿಟುಟ್ ಭಾಷೆ ಇಲ್ಲವೆನ್ನುವಷ್ಟು ಕಡಮೆಯಾಗಿತ್ತು. ಮನೆಯೊಳಗೆ ಬಂದು ಕುಳಿತು ಹಗಲಿರುಳು ಪರಭಾಷೆಯಲ್ಲೇ ಮಾತಾಡುವ ಅತಿಥಿಯ ಮುಂದೆ ಅಜ್ಜಿಯ ಕಥೆ ಎಷ್ಟು ದಿನ ನಿಂತೀತು? ೧೯೮೧ರಲ್ಲಿ ಇನ್ಯೂಟರದೇ ಪ್ರಸಾರ ಸಂಸ್ಥೆ ಸ್ಥಾಪನೆಯಾಗಿ, ಮರುವರ್ಷದಿಂದ ಅವರ ಭಾಷೆಯ ಕಾರ್ಯಕ್ರಮಗಳು ಬರತೊಡಗಿದ ಮೇಲೆ, ೧೯೮೩ರಲ್ಲಿ ಅದೇ ಗ್ರಾಮ ದೂರದರ್ಶನವನ್ನು ಒಪ್ಪಿಕೊಂಡಿತು.

ಇಲ್ಲಿ ನಮ್ಮ ನಾಡಿನ ಮಾತೊಂದು ನೆನಪಾಗುತ್ತದೆ. ಅದೇ ೧೯೭೫ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ಭಾರತದ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನ ತಲುಪಿತು. ಅವುಗಳಲ್ಲಿ ಅಂದಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಅವುಗಳಿಗೆಂದು ಕನ್ನಡದಲ್ಲೇ ಕಾರ್ಯಕ್ರಮಗಳು ಸಿದ್ಧವಾದವು. ನಮ್ಮ ರೈತನಿಗೆ ಕೇಳದೆ ದೊರೆತ ಈ ಸೌಭಾಗ್ಯಕ್ಕಾಗಿ ಇನ್ಯೂಟರು ಎರಡು ಸಲ ಮತ ಹಾಕಬೇಕಾಯಿತೆಂಬುದನ್ನು ನಾವು ಮರೆಯುವಂತಿಲ್ಲ.

ಆ ಊರಿನ ಜಕರಾಯಸ್ ಕುನುಕ್ ಎಂಬ ಯುವಕ, ಊರು ಇನ್ನೂ ದೂರದರ್ಶನವನ್ನು ಹೊರಗಿಟ್ಟಿದ್ದ ೧೯೮೧ರಲ್ಲೇ, ತಾನು ಕೆತ್ತಿದ ಕಲ್ಲಿನ ಶಿಲ್ಪಗಳನ್ನು ಮಾಂಟ್ರಿಯಲ್ ನಗರದಲ್ಲಿ ಮಾರಿ ವಿಡಿಯೋ ಕ್ಯಾಮೆರಾ ಕೊಂಡು ತಂದ. ೧೯೯೦ರಲ್ಲಿ ಸಂಗಡಿಗರೊಡನೆ 'ಇಸುಮಾ' ಎಂಬ ಸಂಸ್ಥೆಯನ್ನು ಕಟ್ಟಿದ. ಆ ಮಾತಿಗೆ ಅವರ ಭಾಷೆಯಲ್ಲಿ ಆಲೋಚನೆ ಎಂದರ್ಥ. ಹಿರಿಯರ ಬಾಯಲ್ಲಿದ್ದ ಪುರಾತನ ಕಥೆಯನ್ನು ಆಧರಿಸಿ ಇವರು ತಯಾರಿಸಿದ 'ಅತನಾರ್ಜುಆತ್' ಚಿತ್ರ ೨೦೦೧ರಲ್ಲಿ ಕಾನ್ ಚಿತ್ರೋತ್ಸವದಲ್ಲಿ, ಚೊಚ್ಚಲ ಚಿತ್ರಕ್ಕೆ ಮೀಸಲಾದ ಬಹುಮಾನವನ್ನು ಪಡೆಯಿತು. ಅಜ್ಜಿಯ ಕಥೆಯನ್ನು ನುಂಗಬಹುದಾಗಿದ್ದ ಯಂತ್ರವೇ ಅದನ್ನು ಲೋಕಕ್ಕೆ ಹೇಳಿತು.

ಇಷ್ಟಾದರೂ ಇಂಗ್ಲಿಷ್ ಬರದೆ ಹೋಯಿತೇ ಎಂದು ಯಾರಾದರೂ ಕೇಳಬಹುದು. ಬಂದಿತು. ಆ ಪ್ರಾಂತದಲ್ಲಿ ಇನುಕ್ಟಿಟುಟ್ ಮಾತೃಭಾಷೆಯಾಗಿರುವವರ ಪ್ರಮಾಣ ಇಳಿಯುತ್ತಿದೆಯೆಂದು ಜನಗಣತಿಯೇ ಹೇಳುತ್ತದೆ. ಆದುದರಿಂದ ಮತದಾನ ವ್ಯರ್ಥವಾಯಿತೆಂಬ ವಾದವನ್ನು ನಾನು ಒಪ್ಪಲಾರೆ. ಎಂಟು ವರ್ಷಗಳ ಆ ಬಿಡುವಿನಲ್ಲಿ ಅವರು ಕೇವಲ ನೋಡುವವರಾಗದೆ ತೋರಿಸುವವರಾಗಲು ಅಣಿಯಾದರು.

ನನಗೆ ನಿಜವಾಗಿ ಕಷ್ಟವೆನಿಸುವುದು ಕೈಫೋನಿನ ಪ್ರಶ್ನೆ. ಉಪಗ್ರಹದ ತಟ್ಟೆ ಊರಿಗೆ ಒಂದೇ ಆಗಿದ್ದುದರಿಂದ ಊರು ಸೇರಿ ತೀರ್ಮಾನಿಸಲು ಸಾಧ್ಯವಾಯಿತು. ಫೋನಾದರೋ ಒಬ್ಬೊಬ್ಬರ ಜೇಬಿಗೆ ಪ್ರತ್ಯೇಕವಾಗಿ ಬರುತ್ತದೆ. ಅದಕ್ಕೆ ಯಾವ ಪಂಚಾಯಿತಿಯ ಅಪ್ಪಣೆಯೂ ಬೇಡ. ಬ್ರೆಜಿಲಿನ ಅಮೆಜಾನ್ ಕಾಡಿನಲ್ಲಿರುವ ಮರೂಬೊ ಜನರಿಗೆ ೨೦೨೩ರಲ್ಲಿ ಉಪಗ್ರಹದ ಅಂತರಜಾಲ ದೊರೆಯಿತು. ಮರುವರ್ಷ ಜಗತ್ತಿನ ಹಲವು ಪತ್ರಿಕೆಗಳು, ಆ ಜನ ಅಶ್ಲೀಲ ಚಿತ್ರಗಳ ದಾಸರಾದರೆಂದು ಸುಳ್ಳು ತಲೆಬರಹಗಳನ್ನು ಅಚ್ಚು ಹಾಕಿದವು. ನಡೆದದ್ದು ಬೇರೆ. ಯುವಕರು ಫೋನಿಗೆ ಅಂಟಿಕೊಂಡು ಕೆಲಸ ಬಿಡುತ್ತಿದ್ದಾರೆಂಬ ಚಿಂತೆ ಹಿರಿಯರಿಗಿತ್ತು. ಹಾವು ಕಚ್ಚಿದಾಗ ಕೂಡಲೇ ನೆರವು ಕರೆಯಬಹುದೆಂಬ ಸಮಾಧಾನವೂ ಇತ್ತು. ಎರಡನ್ನೂ ತೂಗಿ ನೋಡಿ ಅವರ ಮುಖಂಡರು ಸಂಪರ್ಕಕ್ಕೆ ವೇಳೆ ಗೊತ್ತುಮಾಡಿದರು: ಬೆಳಿಗ್ಗೆ ಎರಡು ಗಂಟೆ, ಸಂಜೆ ಐದು ಗಂಟೆ, ಭಾನುವಾರ ಇಡೀ ದಿನ.