ತಪ್ಪು ಕೂದಲಿನದ್ದಲ್ಲ, ನೀರಿನದ್ದು

“ತಲೆ ಬಾಚಿಕೊಂಡು ಬಂದಿಲ್ಲವಾ?” ಗುಂಗುರು ಕೂದಲಿನವರೆಲ್ಲ ಈ ಪ್ರಶ್ನೆ ಕೇಳಿಕೊಂಡೇ ದೊಡ್ಡವರಾಗುತ್ತೇವೆ. ಕಳೆದ ಬೇಸಿಗೆಯಲ್ಲಿ ನನ್ನ ಕೂದಲು ತೆಂಗಿನ ನಾರಿನಂತಾದಾಗ ಸ್ಮೂದನಿಂಗ್ ಮಾಡಿಸಲು ಅಮ್ಮಿಯ ಬಳಿ ನಾಲ್ಕು ಸಾವಿರ ಕೇಳಿದೆ. “ಸ್ಕಾರ್ಫಿನೊಳಗಿನ ಕೂದಲನ್ನು ಯಾರು ನೋಡ್ತಾರೆ?” ಎಂದರು ಖಾಲಾ. ನಾನು ನೋಡುತ್ತೇನಲ್ಲ! ಬಾಚುವಾಗ ನೋಯುವುದೂ ನನಗೇ.

ತುಂಬೆಯಿಂದ ಬರುವ ನೇತ್ರಾವತಿ ನೀರು ಸಾಲದಿದ್ದಾಗ ನಮ್ಮ ಫ್ಲ್ಯಾಟಿಗೆ ಬೋರ್‌ವೆಲ್ ನೀರು ಬಿಡುತ್ತಾರೆ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪದರ, ಎಷ್ಟು ಉಜ್ಜಿದರೂ ಸೋಪಿಗೆ ನೊರೆಯಿಲ್ಲ. ಅಮ್ಮಿ ಅದನ್ನು ‘ಖಾರಾ ಪಾನಿ’ ಎನ್ನುತ್ತಾರೆ, ಪುಸ್ತಕದಲ್ಲಿ ‘ಗಡಸು ನೀರು’. ಜೂನ್‌ನಲ್ಲಿ ಸೈನ್ಸ್ ಓದುವ ಗೆಳತಿಯೊಬ್ಬಳು ಎರಡು ಬಾಟಲಿಗಳಿಗೆ ಅಷ್ಟಷ್ಟೇ ಸೋಪು ಹಾಕಿ ಕುಲುಕಿದಳು. ಮಳೆನೀರು ನೊರೆಯಾಯಿತು, ಬೋರ್‌ವೆಲ್ ನೀರು ಬೆಳ್ಳಗೆ ಕದಡಿತು. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಆಗುವ ಆ ಕರಗದ ಜಿಡ್ಡೇ ಕೂದಲಿಗೂ ಅಂಟುತ್ತದೆ. ಗುಂಗುರು ಕೂದಲಿನ ಸುರುಳಿಯಲ್ಲಿ ನೆತ್ತಿಯ ಎಣ್ಣೆ ತುದಿಯವರೆಗೆ ಇಳಿಯುವುದಿಲ್ಲ, ಹಾಗಾಗಿ ಅದು ಮೊದಲೇ ಒಣಕಲು.

ಸ್ಮೂದನಿಂಗ್ ಮಾಡಿಸಿದರೂ ಹೊಸ ಕೂದಲು ಗುಂಗುರಾಗಿಯೇ ಹುಟ್ಟುತ್ತದೆ, ನೀರೂ ಬದಲಾಗುವುದಿಲ್ಲ. ಕಾಮರ್ಸ್ ಓದುವವಳಿಗೆ ಇದು ಶುದ್ಧ ನಷ್ಟದ ಲೆಕ್ಕ. ಈಗ ನಾನು ತಲೆಗೆ ಸೋಪು ಹಾಕುವುದಿಲ್ಲ, ಶಾಂಪೂ ಮಾತ್ರ. ಕಂಡೀಷನರ್ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುತ್ತೇನೆ. ಕೊನೆಯ ಎರಡು ಚೊಂಬು ಮಾತ್ರ ಎತ್ತಿಟ್ಟ ನಲ್ಲಿ ನೀರು, ಮಳೆಗಾಲದಲ್ಲಿ ಮಳೆನೀರು. ಅದೂ ಇಲ್ಲದಿದ್ದರೆ ಕುದಿಸಿ ಆರಿಸಿದ ನೀರಿನ ಮೇಲಿನ ತಿಳಿ. ಗಡಸುತನ ಪೂರ್ತಿ ಹೋಗದು, ಸ್ವಲ್ಪ ಇಳಿಯುತ್ತದೆ. ನಾನಿ ಹೇಳಿದ ದಾಸವಾಳ ಎಲೆಯ ಲೋಳೆಯೂ ಸಿಕ್ಕು ಬಿಡಿಸಲು ಒಳ್ಳೆಯದೇ, ತೊಳೆಯುವುದೇ ಕಷ್ಟ. ಒದ್ದೆ ಕೂದಲ ಮೇಲೆ ಸ್ಕಾರ್ಫ್ ಕಟ್ಟಬಾರದೆಂದು ಬೆಳಿಗ್ಗೆಯ ಬದಲು ಸಂಜೆ ತಲೆಸ್ನಾನ ಮಾಡುತ್ತೇನೆ.

ಆದರೆ ಇದೆಲ್ಲ ನಾವೊಬ್ಬೊಬ್ಬರೇ ಯಾಕೆ ಮಾಡಬೇಕು? ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಲ್ಲಿ ನಮ್ಮ ಟೆರೇಸಿನ ನೀರೆಲ್ಲ ಚರಂಡಿಗೆ ಹೋಗುತ್ತಿದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಬೋರ್‌ವೆಲ್‌ನದ್ದು ಎಷ್ಟೆಂದು ಯಾರೂ ಪರೀಕ್ಷಿಸಿಯೇ ಇಲ್ಲ. ಮುಂದಿನ ತಿಂಗಳು ಫ್ಲ್ಯಾಟಿನ ಮೀಟಿಂಗಿಗೆ ಅಬ್ಬಾ ಹೋಗುತ್ತಾರೆ. ನೀರಿನ ಪರೀಕ್ಷೆ, ಟೆರೇಸಿಗೊಂದು ಮಳೆನೀರಿನ ಟ್ಯಾಂಕು: ಎರಡನ್ನೂ ಚೀಟಿಯಲ್ಲಿ ಬರೆದು ಅವರ ಜೇಬಿಗೆ ಹಾಕಿದ್ದೇನೆ.