ವಿದ್ಯೆಯುಂಟು, ಪೌರತ್ವವಿಲ್ಲ

ನಿರಾಶ್ರಿತರೆಂದೊಡನೆ ನಾವು ಅನ್ನ, ಬಟ್ಟೆ, ಔಷಧಿಗಳನ್ನು ನೆನೆಯುತ್ತೇವೆ. ವಿದ್ಯೆಯನ್ನು ನೆನೆಯುವುದು ವಿರಳ. ಶ್ರೀಲಂಕೆಯಲ್ಲಿ 1983ರ ಜುಲೈಯಲ್ಲಿ ಭುಗಿಲೆದ್ದ ಹಿಂಸೆಗೆ ಅಂಜಿ ಕಡಲು ದಾಟಿ ಬಂದ ತಮಿಳರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ತಮಿಳುನಾಡಿನ ಶಿಬಿರಗಳಲ್ಲಿದ್ದಾರೆ. ಯುದ್ಧವೇನೋ 2009ರ ಮೇ ತಿಂಗಳಲ್ಲಿಯೇ ಮುಗಿಯಿತು.

ಮನೆಮಾರು ಕಳೆದುಕೊಂಡ ಈ ಜನ ಓದನ್ನು ಮಾತ್ರ ಬಿಡಲಿಲ್ಲ. ಚಂದ್ರಹಾಸನ್ ಅವರ ನೇತೃತ್ವದಲ್ಲಿ 1984ರಲ್ಲಿ ನಿರಾಶ್ರಿತರು ತಾವೇ ಒಂದು ಸಂಸ್ಥೆಯನ್ನು ಕಟ್ಟಿ ಶಿಕ್ಷಣಕ್ಕೆ ಒತ್ತು ನೀಡಿದರು. ವಿಯೆಟ್ನಾಮಿನ ದೋಣಿ ನಿರಾಶ್ರಿತರ ಸಂಕಟಕ್ಕೆ ಮರುಗಿ ಫಾದರ್ ಪೆದ್ರೊ ಅರುಪೆಯವರು 1980ರಲ್ಲಿ ಸ್ಥಾಪಿಸಿದ ಯೇಸುಸಭೆಯ ನಿರಾಶ್ರಿತರ ಸೇವಾಸಂಸ್ಥೆಯೂ ಶಿಬಿರಗಳಲ್ಲಿ ಸಂಜೆಪಾಠ ನಡೆಸಿದೆ.

ಆದರೆ ಪದವಿ ಪಡೆದ ಅನೇಕರಿಗೆ ದೊರೆತದ್ದು ಗೋಡೆಗೆ ಬಣ್ಣ ಬಳಿಯುವ ದಿನಗೂಲಿ. ಸರ್ಕಾರಿ ಹುದ್ದೆಗೆ ಪೌರತ್ವ ಬೇಕು. 1987ರ ಜುಲೈ 1ಕ್ಕೆ ಮುನ್ನ ಈ ನೆಲದಲ್ಲಿ ಹುಟ್ಟಿದವರಿಗೆ ಕಾನೂನು ಜನ್ಮದಿಂದಲೇ ಪೌರತ್ವ ಕೊಡುತ್ತದೆ. ಅನಂತರ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಒಂದೇ ಗುಡಿಸಲಿನಲ್ಲಿ ಅಣ್ಣ ಸ್ವದೇಶಿ, ತಮ್ಮ ಪರದೇಶಿ! 2019ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳನ್ನು ಹೆಸರಿಸಿತು, ಶ್ರೀಲಂಕೆಯನ್ನಲ್ಲ. ಈ ಮೌನಕ್ಕೆ ಸಮರ್ಥನೆ ನಮಗೆ ಕಾಣದು.

ಊರಿಗೆ ಮರಳಲಿ ಎನ್ನುವವರಿದ್ದಾರೆ. ಇಚ್ಛೆಯುಳ್ಳವರು ಮರಳಲಿ. ಇಲ್ಲಿಯೇ ಹುಟ್ಟಿ ಇಲ್ಲಿಯೇ ಓದಿದವನಿಗಾದರೋ ಅದು ಮರಳುವುದಲ್ಲ, ಮತ್ತೊಂದು ವಲಸೆ.

ತಮಿಳುನಾಡು ಸರ್ಕಾರವು 2021ರಲ್ಲಿ ಇವುಗಳನ್ನು ಪುನರ್ವಸತಿ ಶಿಬಿರಗಳೆಂದು ಕರೆದು, ವಸತಿಗೂ ವಿದ್ಯಾಭ್ಯಾಸಕ್ಕೂ ನೆರವು ಘೋಷಿಸಿತು. ಅದು ಸ್ತುತ್ಯರ್ಹ. ಪೌರತ್ವ ನೀಡುವ ಅಧಿಕಾರವಾದರೋ ಕೇಂದ್ರದ್ದು. ಅರ್ಜಿ ಸಲ್ಲಬೇಕಾದದ್ದು ದೆಹಲಿಗೆ.